ಅರವತ್ತೊಂದನೇ ಕಾರ್ಡು

ಮೊನ್ನೆ ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ತಿಳಿಗುಲಾಬಿ ಬಣ್ಣದ ಕಾರ್ಡು, ಅದರ ನಡುವೆ ಪುಟ್ಟದೊಂದು ಜೇಬು, ಜೇಬಿನಿಂದ ಇಣುಕುವ ರಿಬ್ಬನ್ನು. ರಿಬ್ಬನ್ ಹಿಡಿದು ಎಳೆದರೆ ಒಳಗಿನಿಂದ ಒಂದು ಚೀಟಿ ಬರುತ್ತದೆ, ಅದರಲ್ಲಿ ಮನಸ್ಸಿನ ಮಾತು ಬರೆದಿರುತ್ತದೆ. ಗೆಳತಿಯ ಮದುವೆಗೆ ಇಂಥದ್ದೇ ಬೇಕು ಅಂದಳು. ಜೇಬಿನ ಕಾರ್ಡು ನಾನು ಮಾಡುವುದಿಲ್ಲ ಅಂದೆ. ಬೇರೆ ಏನು ಬೇಕಾದರೂ ಕೇಳು, ಕಿಟಕಿ ತೆರೆಯುವ ಕಾರ್ಡು, ಬಿಚ್ಚಿದರೆ ಹೂವು ಎದ್ದು ನಿಲ್ಲುವ ಕಾರ್ಡು, ಎಲ್ಲ ಮಾಡಿಕೊಡುತ್ತೇನೆ ಅಂದೆ. ಅವಳಿಗೆ ಬೇಜಾರಾಯಿತು. ಇಷ್ಟು ಸುಲಭದ್ದು ಬರುವುದಿಲ್ಲವೇ ಅನ್ನುವ ಹಾಗೆ ನನ್ನ ಮುಖ ನೋಡಿ, ಯೋಚನೆ ಮಾಡಿ ಹೇಳುತ್ತೇನೆ ಎಂದು ಹೊರಟುಹೋದಳು.

ಬರುವುದಿಲ್ಲ ಅಂತಲ್ಲ. ಒಂದು ಮಾಡಿದ್ದೇನೆ. ಒಂದೇ ಒಂದು.

ಮೊದಲು ನನ್ನ ಈ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ಸೇಲಂ ಹತ್ತಿರದ ಎಡಪ್ಪಾಡಿಯ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಕಡಿಮೆ. ನನ್ನ ಯಜಮಾನರಿಗೆ ನೇದ ಸೀರೆಗಳನ್ನು ಪರೀಕ್ಷೆ ಮಾಡಿ ಮಡಿಸಿಡುವ ಕೆಲಸ. ಕತ್ತರಿಸಿ ಬಿಸಾಡಿದ ಅಂಚು, ಜರಿ ತುಂಡು, ಬಣ್ಣ ತಪ್ಪಿದ ರೇಷ್ಮೆ ಚೂರು, ಇವನ್ನೆಲ್ಲ ಅವರು ಚೀಲದಲ್ಲಿ ತಂದುಕೊಡುತ್ತಾರೆ. ನಾನು ದಪ್ಪ ಕಾಗದ ಮಡಿಸಿ, ಮೇಲೆ ಹೂಬಳ್ಳಿ ಅಚ್ಚಾದ ಕಾಗದ ಅಂಟಿಸಿ, ರಬ್ಬರಿನ ಅಚ್ಚು ಒತ್ತಿ, ಈ ಜರಿಯ ಚೂರುಗಳನ್ನೂ ಕಲ್ಲು ಮುತ್ತುಗಳನ್ನೂ ಕೂರಿಸಿ ಕಾರ್ಡು ಮಾಡುತ್ತೇನೆ. ಪೊಂಗಲ್ಲಿಗೆ, ಹುಟ್ಟುಹಬ್ಬಕ್ಕೆ, ಮದುವೆಗೆ. ಮಿನುಗುಪುಡಿ ಎಲ್ಲಿ ಹೋಗುತ್ತದೆ ಅಂತ ಕೇಳಬೇಡಿ, ಎಲ್ಲ ಕಡೆ ಹೋಗುತ್ತದೆ. ಒಮ್ಮೆ ನಮ್ಮ ಮನೆಯವರು ಮೊಸರನ್ನ ಉಣ್ಣುತ್ತಾ, ದೇವಸ್ಥಾನದ ಪ್ರಸಾದ ಕೂಡ ಇಷ್ಟು ಮಿರುಗಲ್ಲ ಅಂದಿದ್ದರು.

ಈ ಹುಚ್ಚು ಹತ್ತಿದ್ದು ಕಾರಿಮಂಗಲದಿಂದ ಒಳಗೆ ಹೋದರೆ ಸಿಗುವ ದೊಡ್ಡವ್ವನ ಊರಿನಲ್ಲಿ. ದೊಡ್ಡವ್ವ ಅಂದರೆ ನನ್ನ ಅವ್ವನ ಒಡಹುಟ್ಟಿದ ಅಕ್ಕ. ಅವರ ಮನೆಯಲ್ಲಿ ಕುರಿ ಸಾಕುತ್ತಾರೆ. ನಾನು ಚಿಕ್ಕವಳಿದ್ದಾಗ ಪೊಂಗಲ್ ಹತ್ತಿರ ಬಂತೆಂದರೆ ಪೇಟೆಯ ಅಂಗಡಿಗಳ ಮುಂದೆ ಹಗ್ಗ ಕಟ್ಟಿ ವಾಳ್ತ್ತು ಕಾರ್ಡುಗಳನ್ನು, ಅಂದರೆ ಶುಭಾಶಯದ ಕಾರ್ಡುಗಳನ್ನು, ತೂಗುಹಾಕುತ್ತಿದ್ದರು. ಕಬ್ಬು, ಹಸು, ಸೂರ್ಯ, ಉಕ್ಕುವ ಮಡಕೆ. ನನಗೆ ಎಲ್ಲವೂ ಬೇಕು, ಒಂದೂ ಕೊಡಿಸುವುದಿಲ್ಲ. ಅಳುತ್ತಾ ಕೂತವಳಿಗೆ ದೊಡ್ಡವ್ವ ಒಂದು ಬೆಂಡೆಕಾಯಿ ಅಡ್ಡಡ್ಡ ಕೊಯ್ದು, ಕುರಿಗಳಿಗೆ ಗುರುತು ಹಚ್ಚುವ ಕೆಂಪು ಬಣ್ಣದಲ್ಲಿ ಅದ್ದಿ, ಹಳೇ ಕ್ಯಾಲೆಂಡರಿನ ಹಿಂಬದಿಗೆ ಒತ್ತಿ ತೋರಿಸಿದಳು. ಐದೆಸಳಿನ ಹೂವು ಮೂಡಿತು. ನಾನು ಆವತ್ತು ಕ್ಯಾಲೆಂಡರ್ ಮುಗಿಸಿ, ಗೋಡೆ ಮುಗಿಸಿ, ಒಂದು ಬಿಳೀ ಕುರಿಯ ಮೈತುಂಬ ಹೂವು ಒತ್ತಿಬಿಟ್ಟೆ. ದೊಡ್ಡಪ್ಪ ಕೋಲು ಎತ್ತಿಕೊಂಡರು. ದೊಡ್ಡವ್ವ ಅಡ್ಡ ನಿಂತು, ಬಿಡು, ನಮ್ಮ ಕುರಿ ಅಂತ ಗುರುತು ಸಿಕ್ಕಂಗಾತು ಅಂದಳು. ಆ ವರ್ಷವೆಲ್ಲ ಊರವರು ಅದನ್ನು ಮದುಮಗಳು ಕುರಿ ಅಂತ ಕರೆದರು.

ನನ್ನ ತಮ್ಮ ಸೆಲ್ವ ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಿದ್ದಳು. ಮಗುವನ್ನು ದೊಡ್ಡವ್ವ ಒಯ್ದು ಮೂರು ವರ್ಷ ಸಾಕಿದಳು. ಅವನು ಮೊದಲು ಅವ್ವ ಅಂದದ್ದೂ ಅವಳನ್ನೇ. ದೊಡ್ಡಪ್ಪ ತೀರಿಕೊಂಡ ಮೇಲೂ ಅವನ ಜ್ವರ, ಅವನ ಪರೀಕ್ಷೆ, ಅವನ ಕೆಲಸ ಎಲ್ಲದಕ್ಕೂ ಅವಳದೇ ಹರಕೆ.

ಆ ತಮ್ಮನ ಮದುವೆಯಲ್ಲೇ ಆಗಬಾರದ್ದು ಆಯಿತು. ನಂಗವಳ್ಳಿಯ ನಮ್ಮ ತವರಿನ ಅಂಗಳದಲ್ಲಿ ಅರಿಶಿನ ಹಚ್ಚುವ ಶಾಸ್ತ್ರ. ಹೆಣ್ಣಿನ ಕಡೆಯ ನಾಲ್ಕು ಜನ ಹೆಂಗಸರು ಬಂದು ಮುಂದೆ ಕೂತಿದ್ದರು. ದೊಡ್ಡವ್ವ ಎಲ್ಲರಿಗಿಂತ ಮೊದಲು ಎದ್ದು ಬಟ್ಟಲಿಗೆ ಕೈ ಹಾಕಿದಳು. ಹೆಣ್ಣಿನ ಕಡೆಯವರೊಬ್ಬರು ಅವಳ ಬರಿ ಹಣೆ ನೋಡಿ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಅವ್ವ ಅದನ್ನು ನೋಡಿದಳು. ನೋಡಿ, ಅಕ್ಕನ ಮೊಣಕೈ ಹಿಡಿದು, ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, “ಅಕ್ಕ, ನೀನು ವಸಿ ಇಂದಕ್ಕೆ ನಿಂತ್ಕ” ಅಂದಳು.

ಹಿಂದಕ್ಕೆ ನಿಂತುಕೋ ಅಂತ. ನಮ್ಮ ಕಡೆ ಮಾತಿನಲ್ಲಿ ಹಕಾರ ಇಲ್ಲ, ಆದರೆ ಆ ಮಾತಿಗೆ ಏನೂ ಕಡಿಮೆಯಾಗಲಿಲ್ಲ. ದೊಡ್ಡವ್ವನ ಬೆರಳಿಗೆ ಆಗಲೇ ಅರಿಶಿನ ಹತ್ತಿತ್ತು. ಅವಳು ಅದನ್ನು ತನ್ನ ಸೀರೆಗೇ ಒರೆಸಿಕೊಂಡು, ಒಳಗೆ ಹೋಗಿ ಚೀಲ ತೆಗೆದುಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ನಾನು ಅಲ್ಲೇ ಇದ್ದೆ. ಮದುವೆಗೆ ನಾನು ಮಾಡಿದ ಕಾರ್ಡು ಚೆನ್ನಾಗಿತ್ತು ಅಂತ ಯಾರೋ ಹೊಗಳುತ್ತಿದ್ದುದನ್ನು ಕೇಳುತ್ತಾ ನಿಂತಿದ್ದೆ.

ಮೂರು ವರ್ಷ ಅಕ್ಕತಂಗಿಯರ ನಡುವೆ ಮಾತಿಲ್ಲ. ಅವ್ವ ಒಂದೆರಡು ಸಲ ಫೋನು ಮಾಡಿಸಿದಳು. ದೊಡ್ಡವ್ವನ ಸೊಸೆ ತೆಗೆದು, ಅತ್ತೆ ಕುರಿ ಅತ್ರ ಓಗವ್ರೆ ಅಂದಳು. ಆ ನಡುವೆಯೇ ಸೆಲ್ವನಿಗೆ ಮಗಳು ಹುಟ್ಟಿದಳು, ಕವಿನ್ಯಾ. ಅವಳಿಗೆ ವರ್ಷ ತುಂಬುವಾಗ ಕಿವಿ ಚುಚ್ಚಿಸುವುದು ಅಂತಾಯಿತು. ನೆಂಟರಿಗೆಲ್ಲ ಅರವತ್ತು ಕಾರ್ಡು ನಾನೇ ಮಾಡುವುದು ಅಂತಲೂ ಆಯಿತು.

ಅರವತ್ತೂ ಒಂದೇ ಥರದವು. ಮುಂದೆ ನವಿಲಿನ ಅಚ್ಚು, ಕೆಳಗೆ ಜರಿಯಂಚು, ಒಳಗೆ ತಮಿಳಿನಲ್ಲಿ ದಿನ, ಸಮಯ, ಜಾಗ, ಅನ್ಬುಡನ್ ಅಳೈಕ್ಕಿರೋಮ್, ಪ್ರೀತಿಯಿಂದ ಕರೆಯುತ್ತೇವೆ ಅನ್ನುವ ಸಾಲು. ಅವ್ವ ಒಂದು ಸಂಜೆ ಎಡಪ್ಪಾಡಿಗೆ ಬಂದು ನನ್ನ ಪಕ್ಕ ಕೂತಳು. ಬಹಳ ಹೊತ್ತು ಕಲ್ಲು ಮುತ್ತುಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಿದ್ದಳು. ಆಮೇಲೆ ತಲೆ ಎತ್ತದೆ, ಅಕ್ಕನಿಗೆ ಬೇರೆಯಾಗಿ ಒಂದು ಮಾಡು, ನಾನು ಹೇಳಿದ್ದನ್ನು ಬರಿ ಅಂದಳು. ಅವಳು ಹೇಳಿದಳು, ನಾನು ಬರೆದೆ.

ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಬರುವುದು, ಬೆಟ್ಟದ ಆಚೆ ಕರ್ನಾಟಕದಲ್ಲಿ ಸೋದರಮಾವನ ಮನೆಯಲ್ಲಿದ್ದು ಕೆಲವು ವರ್ಷ ಓದಿದ್ದರಿಂದ. ದೊಡ್ಡವ್ವನಿಗೆ ಯಾವ ಅಕ್ಷರವೂ ಬಾರದು, ಅವಳ ಸೊಸೆ ರಾಜೇಶ್ವರಿಗೆ ತಮಿಳು ಬರುತ್ತದೆ. ಅದಕ್ಕೆ ಅವ್ವನ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದೆ. ಗಕ್ಕೂ ಕಕ್ಕೂ ಒಂದೇ ಅಕ್ಷರ, ದಕ್ಕೂ ತಕ್ಕೂ ಒಂದೇ. ಹಕಾರದ ಗೊಡವೆಯೇ ಇಲ್ಲ. ಓದಿ ನೋಡಿದರೆ ಅವ್ವನೇ ಮಾತಾಡಿದ ಹಾಗಿತ್ತು.

ಬರೆದದ್ದು ಒಂದು ಸಣ್ಣ ಚೀಟಿ. ಅದನ್ನು ಕಾರ್ಡಿನ ಒಳಗೆ ಸುಮ್ಮನೆ ಅಂಟಿಸಿದ್ದರೆ ಮುಗಿಯುತ್ತಿತ್ತು. ನನ್ನಂಥವಳಿಗೆ ಸುಮ್ಮನೆ ಅಂಟಿಸುವುದು ಹೇಗೆ ಮನಸ್ಸು ಬಂದೀತು? ಮಾವಿನಕಾಯಿ ಬಣ್ಣದ ರೇಷ್ಮೆಯಲ್ಲಿ ಜೇಬು ಮಾಡಿದೆ. ಚೀಟಿಯನ್ನು ಅದರೊಳಗೆ ಇಳಿಸಿದೆ. ತುದಿಗೆ ರಿಬ್ಬನ್ ಕಟ್ಟಿ, ರಿಬ್ಬನ್ನಿಗೆ ಗಂಟು ಹಾಕಿ, ಗಂಟಿನ ಮೇಲೆ ಮುತ್ತು ಕೂರಿಸಿದೆ. ಕಾರ್ಡು ಬಗ್ಗಿಸಿದಾಗ ಚೀಟಿ ಜಾರಿ ಬರುತ್ತಿತ್ತು, ನೋಡಲು ಅಚ್ಚುಕಟ್ಟಾಗಿರಲಿಲ್ಲ. ಅದಕ್ಕೆ ಒಂದು ಚುಕ್ಕೆ ಗೋಂದು ಹಾಕಿ ನಿಲ್ಲಿಸಿದೆ. ಹೇಗಿದ್ದರೂ ನಾನೇ ಹೋಗಿ ಕೊಡುವವಳು, ನಾನೇ ಎಳೆದು ತೆಗೆದು ಓದಿ ಹೇಳುವವಳು. ಅವ್ವ ಹೇಳಿದ್ದೂ ಹಾಗೆಯೇ. ಹತ್ತಿರದ ನೆಂಟರನ್ನು ಮನೆಗೆ ಹೋಗಿ ವೀಳ್ಯ ಕೊಟ್ಟು ಕರೆಯಬೇಕು, ಬರೀ ಕಾಗದ ಕಳಿಸಿದರೆ ಕರೆದ ಹಾಗಲ್ಲ. ತಾನೇ ಹೋದರೆ ಅಕ್ಕ ಬಾಗಿಲಲ್ಲೇ ತಿರುಗಿ ಕಳಿಸಿಯಾಳು ಅನ್ನುವ ಭಯ ಅವ್ವನಿಗೆ. “ನಿನ್ನ ಕಂಡ್ರೆ ಅವಳಿಗೆ ಪಿರೀತಿ ಐತೆ. ನೀನೇ ಓಗು. ಪಕ್ಕ ಕುಂತ್ಕಂಡು ಓದಿ ಏಳು” ಅಂದಳು.

ನಾನು ಹೋಗಲಿಲ್ಲ.

ಅದೇ ವಾರ ಸೇಲಂನ ಒಂದು ಅಂಗಡಿಯವರು ಪೊಂಗಲ್ಲಿಗೆ ನೂರು ಕಾರ್ಡು ಬೇಕು ಅಂದಿದ್ದರು. ಮೊದಲ ಸಲ ನನ್ನ ಕಾರ್ಡು ಗಾಜಿನ ಕಪಾಟಿನಲ್ಲಿ ಕೂರುವುದಿತ್ತು. ಕಾರ್ಡಿನ ಹಿಂದೆ ಒತ್ತಲು ನನ್ನ ಹೆಸರಿನ ರಬ್ಬರ್ ಅಚ್ಚು ಕೂಡ ಮಾಡಿಸಿಕೊಂಡಿದ್ದೆ, ದಿನಕ್ಕೆ ನಾಲ್ಕು ಸಲ ಸುಮ್ಮನೆ ಒತ್ತಿ ನೋಡುತ್ತಿದ್ದೆ. ಎಡಪ್ಪಾಡಿಯಿಂದ ಸೇಲಂ, ಸೇಲಂನಿಂದ ಧರ್ಮಪುರಿ, ಅಲ್ಲಿಂದ ಕಾರಿಮಂಗಲ, ಮತ್ತೆ ಒಳಗಿನ ಊರಿಗೆ ಇನ್ನೊಂದು ಬಸ್ಸು. ಹೋಗಿ ಬರಲು ಒಂದು ದಿನ ಪೂರ್ತಿ ಬೇಕು. ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ಮದುವೆಯ ದಿನ ಬಾಯಿ ತೆರೆಯದೆ ನಿಂತಿದ್ದವಳು ದೊಡ್ಡವ್ವನ ಮುಖ ನೋಡುವುದು ಹೇಗೆ ಅನ್ನುವುದೂ ಇತ್ತು. ಕಾರ್ಡನ್ನು ಕೊರಿಯರಿನಲ್ಲಿ ಕಳಿಸಿದೆ.

ಎರಡು ದಿನದ ಮೇಲೆ ರಾಜೇಶ್ವರಿ ಫೋನು ಮಾಡಿದಳು. ಪತ್ರಿಕೆ ಬಂತಕ್ಕ, ರೊಂಬ ಅಳಗಾ ಐತೆ, ಬಹಳ ಚೆಂದ ಐತೆ, ಆ ರೇಷ್ಮೆ ಎಲ್ಲಿ ಸಿಕ್ತು ಅಂತ ಕೇಳಿದಳು. ರೇಷ್ಮೆಯ ವಿಷಯ ನಾನು ಕಾಲು ಗಂಟೆ ಹೇಳಿದೆ. ಒಳಗಿನ ಚೀಟಿ ಓದಿದೆಯಾ ಅಂತ ಕೇಳಲಿಲ್ಲ. ಓದಿರುತ್ತಾರೆ ಅಂದುಕೊಂಡೆ. ರಿಬ್ಬನ್ ಇದ್ದರೆ ಎಳೆಯಬೇಕು ಅಂತ ನನಗೆ ಗೊತ್ತು, ಹಾಗಾಗಿ ಲೋಕಕ್ಕೇ ಗೊತ್ತು!

ಅವ್ವ ಕೇಳಿದಳು, ಅಕ್ಕ ಏನಂದಳು ಅಂತ. ತಲುಪಿತು ಅವ್ವ, ಚೆಂದ ಐತೆ ಅಂದರು ಅಂದೆ. ನಾನು ಹೋಗಿ ಬಂದಿದ್ದೇನೆ ಅಂತಲೇ ಅವ್ವ ತಿಳಿದುಕೊಂಡಳು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ನಾನು ತಿದ್ದಲಿಲ್ಲ.

ಕಿವಿ ಚುಚ್ಚುವ ದಿನ ಬೆಳಗ್ಗೆಯೇ ಅವ್ವ ಒಂದು ಹಿತ್ತಾಳೆ ಬಟ್ಟಲಿನಲ್ಲಿ ಅರಿಶಿನ ಕಲಸಿ ಮಣೆಯ ಪಕ್ಕ ಇಟ್ಟಳು. ಯಾರನ್ನೂ ಮುಟ್ಟಗೊಡಲಿಲ್ಲ. ರಸ್ತೆಯಲ್ಲಿ ಆಟೋ ಸದ್ದಾದರೆ ಬಾಗಿಲಿಗೆ ಹೋಗುವಳು, ತಿರುಗಿ ಬರುವಳು. ಕಿವಿ ಚುಚ್ಚುವ ಆಚಾರಿ ಬಂದು ಕೂತಿದ್ದರು. ಒಳ್ಳೆಯ ಹೊತ್ತು ಮೀರುತ್ತದೆ ಅಂತ ಒಮ್ಮೆ ಹೇಳಿದರು, ಎರಡು ಸಲ ಹೇಳಿದರು. ಮಗು ಹಸಿದು ಅಳತೊಡಗಿತು. ಕೊನೆಗೆ ಸೆಲ್ವನ ಅತ್ತೆ ಬೇರೆ ಬಟ್ಟಲಿನಲ್ಲಿ ಅರಿಶಿನ ಕಲಸಿಕೊಂಡು ಬಂದು ಹಚ್ಚಿದರು. ಅವ್ವ ತಾನಿಟ್ಟ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಒಳಗೆ ಒಯ್ದಳು. ಹಿಂದೆಯೇ ಹೋದ ನನಗೆ, “ಬರಾಕಿಲ್ಲ ಬಿಡು. ನಾನು ಮಾಡಿದ್ದ ಅವಳು ಮರಿಯಾಕಾಯ್ತದಾ” ಅಂದಳು. ಆಮೇಲೆ ಎರಡು ವರ್ಷ ಅಕ್ಕನ ಹೆಸರು ಎತ್ತಲಿಲ್ಲ.

ನನಗೂ ದೊಡ್ಡವ್ವನ ಮೇಲೆ ಸಿಟ್ಟೇ ಬಂದಿತ್ತು. ತಂಗಿ ತಪ್ಪಾಯಿತು ಅಂತ ಬರೆಸಿ ಕಳಿಸಿದರೂ ಇಷ್ಟು ಹಟವೇ ಅಂತ ಯಜಮಾನರ ಹತ್ತಿರ ನಾನೇ ಆಡಿಕೊಂಡಿದ್ದೇನೆ. ಅವರು ಸುಮ್ಮನೆ ಕೇಳಿಸಿಕೊಂಡು, ನೀನು ಹೋಗಿ ಹೇಳಿದಾಗ ಏನಂದರು ಅಂತ ಕೇಳಿದರು. ನಾನು ಅಡುಗೆಮನೆಗೆ ಎದ್ದುಹೋದೆ.

ಈ ವರ್ಷ ಕಾರಿಮಂಗಲದ ಹತ್ತಿರದ ಒಂದು ಶಾಲೆಯವರು ಹೆಣ್ಣುಮಕ್ಕಳಿಗೆ ಕಾರ್ಡು ಮಾಡಲು ಹೇಳಿಕೊಡಿ ಅಂತ ಕರೆದರು. ಬೇರೆಯವರು ಕರೆದರೆ ಆ ದೂರ ನನಗೆ ದೂರವೇ ಅನ್ನಿಸಲಿಲ್ಲ, ನೋಡಿ. ಮಧ್ಯಾಹ್ನ ಕೆಲಸ ಮುಗಿಯಿತು. ಅಷ್ಟು ಹತ್ತಿರ ಬಂದು ನೋಡದೆ ಹೋದರೆ ಆಗದು ಅಂತ ದೊಡ್ಡವ್ವನ ಊರಿಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, ಕೈ ಹಿಡಿದು ಒಳಗೆ ಕರೆದಳು, ಸೊರಗಿದ್ದೀಯಲ್ಲ ಅಂದಳು. ಕಾಪಿ ಬಂತು. ಲೋಟ ಹಿಡಿದು ತಲೆ ಎತ್ತಿದರೆ ಎದುರಿಗೆ ಗೋಡೆಯ ಗೂಡಿನಲ್ಲಿ ನನ್ನ ಕಾರ್ಡು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಳಬದಿ ಕಾಣುವ ಹಾಗೆ ಬಿಡಿಸಿ ನಿಲ್ಲಿಸಿದ್ದಾರೆ. ರೇಷ್ಮೆಯ ಜೇಬು, ರಿಬ್ಬನ್ನು, ಗಂಟಿನ ಮೇಲೆ ಮುತ್ತು. ಯಾವುದೂ ಅಲುಗಿಲ್ಲ.

ನಾನು ನೋಡುವುದನ್ನು ಕಂಡು ದೊಡ್ಡವ್ವ ಹೇಳಿದಳು, “ನಿನ್ ಕೈ ಕೆಲ್ಸ ಅಂತ ಮಡಗಿವ್ನಿ. ನಿಮ್ಮವ್ವ ಕರೆದದ್ದಕ್ಕಲ್ಲ. ಊರಿಗೆಲ್ಲ ಆಕಿದಂಗೆ ನಂಗೂ ಒಂದು ಆಕವ್ಳೆ.”

ಕಾಪಿ ಕೆಳಗಿಟ್ಟು ಹೋಗಿ ಕಾರ್ಡು ತೆಗೆದೆ. ಮುತ್ತು ಹಿಡಿದು ಎಳೆದರೆ ಬರಲಿಲ್ಲ, ನನ್ನ ಗೋಂದು ಅಷ್ಟು ಗಟ್ಟಿ. ಜೋರಾಗಿ ಎಳೆದಾಗ ರೇಷ್ಮೆ ಹರಿದು ಚೀಟಿ ಈಚೆ ಬಂತು. ರಾಜೇಶ್ವರಿ ಬಾಗಿಲಲ್ಲಿ ನಿಂತಿದ್ದವಳು, ಅಯ್ಯೋ ಅದು ಅಲಂಕಾರ ಅಂತ ಇದ್ದೆನಲ್ಲಕ್ಕ ಅಂದಳು. ನಾನು ದೊಡ್ಡವ್ವನ ಪಕ್ಕ ಕೂತು ಓದಿದೆ.

“ಅಕ್ಕ, ನಿನ್ನ ಇಂದಕ್ಕೆ ನಿಲ್ಸಿದ್ದು ನಂದೇ ತಪ್ಪು. ಅವತ್ತಿಂದ ನಂಗೆ ಅನ್ನ ಸೇರಿಲ್ಲ. ಸೆಲ್ವನ ಮಗೀಗೆ ಮೊದಲ ಅರಿಶಿಣ ನಿನ್ ಕೈಯಾಗೇ ಅಚ್ಚಬೇಕು. ನೀನು ಬರೋಗಂಟ ಬಟ್ಟಲ ಯಾರೂ ಮುಟ್ಟಾಕಿಲ್ಲ.”

ದೊಡ್ಡವ್ವ ಇನ್ನೊಂದು ಸಲ ಓದು ಅಂದಳು. ಓದಿದೆ. ಇದು ಅವಳೇ ಹೇಳಿದ್ದಾ ಅಂತ ಕೇಳಿದಳು. ಹೌದು, ಒಂದಕ್ಷರವೂ ನಂದಲ್ಲ ಅಂದೆ. ಅವಳು ಹುಣಸೆ ಮೆತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಳು. ಆಮೇಲೆ, “ಮಗೀನ ಕಿವಿ ಒಣಗಿ ಎಷ್ಟು ವರ್ಸ ಆತು ಸರೋಜ?” ಅಂದಳು.

ಎರಡು ಅಂದೆ. ಎಲ್ಲವನ್ನೂ ಹೇಳಿದೆ, ಕೊರಿಯರು, ನೂರು ಕಾರ್ಡು, ಅವ್ವನಿಗೆ ಹೇಳಿದ ಅರ್ಧ ಮಾತು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಕುರಿಗೆ ನೀರು ಕುಡಿಸೋ ಹೊತ್ತಾಯಿತು ಅಂತ ಎದ್ದುಹೋದಳು. ಕೊನೆಯ ಬಸ್ಸಿಗೆ ನಾನು ಹೊರಟಾಗಲೂ ಹಿಂದಿನ ಕೊಟ್ಟಿಗೆಯಿಂದ ಈಚೆ ಬರಲಿಲ್ಲ.

ಮರುದಿನ ಬೆಳಗ್ಗೆ ನಂಗವಳ್ಳಿಗೆ ಹೋಗಿ ಅವ್ವನಿಗೆ ಹೇಳಿದೆ. ಕಡಲೆಕಾಯಿ ಸುಲಿಯುತ್ತಿದ್ದ ಅವ್ವನ ಕೈ ನಿಲ್ಲಲಿಲ್ಲ. ಮುಂದಿದ್ದದ್ದನ್ನೆಲ್ಲ ಸುಲಿದು ಮುಗಿಸಿದಳು. ಸಿಪ್ಪೆ ಬಾಚಿ ಮೊರಕ್ಕೆ ಹಾಕಿದಳು. ಆಮೇಲೆ, “ನೀನು ಓಗ್ಲೇ ಇಲ್ವಾ” ಅಂದಳು. ಅದು ಪ್ರಶ್ನೆಯಾಗಿರಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ವೀಳ್ಯ ಅಡಿಕೆ ಚೀಲದಲ್ಲಿಟ್ಟುಕೊಂಡು, ಕವಿನ್ಯಾಳ ಕೈ ಹಿಡಿದು ಈಚೆ ಬಂದಳು. ಐದು ವರ್ಷ ಯಾವ ಬಾಗಿಲಿಗೆ ಹೆದರಿದ್ದಳೋ ಅಲ್ಲಿಗೆ ಹೋಗಲು ಅವಳಿಗೆ ಬೇಕಾದದ್ದು ಅಷ್ಟೇ. ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು. ದಾರಿಯುದ್ದಕ್ಕೂ ಮಗುವಿನ ಜೊತೆ ಮಾತಾಡಿದಳು.

ದೊಡ್ಡವ್ವ ಬಾಗಿಲಲ್ಲೇ ಇದ್ದಳು. ತಿರುಗಿ ಕಳಿಸಲಿಲ್ಲ. ಮೊಣಕಾಲು ಹೇಗಿದೆ ಅಂತ ಕೇಳಿದಳು, ಕೂರಲು ಚಾಪೆ ಹಾಕಿದಳು. ಅವ್ವ ತಪ್ಪಾಯಿತು ಅನ್ನಲು ಬಾಯಿ ತೆರೆದಾಗ, ಅದನ್ನ ಸರೋಜ ಓದವ್ಳೆ ಬಿಡು ಅಂದಳು. ಕವಿನ್ಯಾಗೆ ಮೂರು ವರ್ಷ, ತಮಿಳು ಬಿಟ್ಟು ಬೇರೆ ಮಾತಾಡುವುದಿಲ್ಲ. ದೊಡ್ಡವ್ವ ಹತ್ತಿರ ಕರೆದರೆ ಅರ್ಥವಾಗದೆ ನನ್ನ ಸೆರಗಿನ ಹಿಂದೆ ನಿಂತಳು. ದೊಡ್ಡವ್ವ ಕೈ ಚಾಚಿ ಅವಳ ಕಿವಿಯ ಓಲೆ ಮುಟ್ಟಿ ನೋಡಿದಳು. ಮಗು ತಲೆ ಎಳೆದುಕೊಂಡಿತು. ದೊಡ್ಡವ್ವ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ಮಳೆ, ಮೇವು, ಯಾರ ಮನೆಯಲ್ಲಿ ಯಾರು ಹೋದರು, ಇಂಥವೇ ಮಾತು ಸ್ವಲ್ಪ ಹೊತ್ತು ನಡೆಯಿತು. ನಾನು ಎಲ್ಲರಿಗೂ ಮಜ್ಜಿಗೆ ಹುಯ್ಯುತ್ತಿದ್ದೆ. ಅವ್ವ ಅಂಗಳದ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು:

“ಕಿವಿ ಚುಚ್ಚಿದವತ್ತು ಬಾಗಿಲ ಕಡೀಗೇ ನೋಡ್ತಿದ್ದೆ ಅಕ್ಕ ನಾನು. ಬತ್ತೀಯ ಬತ್ತೀಯ ಅಂತ.”

ದೊಡ್ಡವ್ವ ಲೋಟ ಕೆಳಗಿಟ್ಟಳು.

“ನಾನೂ ಅವತ್ತು ಕುರಿ ಬಿಡಲಿಲ್ಲ. ತಲೆ ಬಾಚ್ಕಂಡು, ಒಳ್ಳೆ ಸೀರೆ ಉಟ್ಕಂಡು, ಇಲ್ಲೇ ಕುಂತಿದ್ದೆ. ಯಾರಾನ ಕರಿಯಾಕೆ ಬತ್ತಾರೆ ಅಂತ.”

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿರುತ್ತಿತ್ತು.